ಮನೆಗೆ ಹೆಸ್ರಿಡೋಕೆ ನಗರಸಭೆನ ಕೇಳ್ಬೇಕಾ? ಚಿಕ್ಕಮಗಳೂರಿನೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಚಿಕ್ಕಮಗಳೂರಲ್ಲಿ ನೇಮ್ ಬೋರ್ಡ್ ಮಾಡೋನು. ಅಪ್ಪನ ಕಾಲದಲ್ಲಿ ಬ್ರಷ್ಷು, ಎನಾಮಲ್ ಪೇಂಟು, ಸೀಮೆಸುಣ್ಣದಲ್ಲಿ ಗೆರೆ ಹೊಡ್ಕೊಂಡು ಬರಿಯೋದು. ಈಗ ಕಂಪ್ಯೂಟರ್, ಸ್ಟೀಲ್ ಅಕ್ಷರ, ಲೇಸರ್ ಕಟಿಂಗು. ಕೆಲಸ ಪೂರ್ತಿ ಬದಲಾಗೋಯ್ತು, ಆದ್ರೆ ಅಂಗಡಿಗೆ ಬಂದೋರು ಕೇಳೋ ಪ್ರಶ್ನೆ ಅದೇ ಇದೆ. ಗೃಹಪ್ರವೇಶ ಇನ್ನೆರಡು ವಾರ ಇದೆ ಅನ್ನೋವಾಗ ಗಂಡ ಹೆಂಡ್ತಿ ಬರ್ತಾರೆ, ಜೊತೆಗೆ ಅತ್ತೆನೋ ಮಾವನೋ ಇರ್ತಾರೆ, ಒಬ್ಬೊಬ್ರು ಒಂದೊಂದು ಹೆಸ್ರು ಹೇಳ್ತಾರೆ, ಆಮೇಲೆ ಯಾರಾದ್ರೂ ಒಬ್ರು "ಇದಕ್ಕೆ ಮುನ್ಸಿಪಾಲ್ಟಿಲಿ ಏನಾದ್ರೂ ರೂಲ್ಸ್ ಇದ್ಯಾ?" ಅಂತ ಕೇಳೇ ಕೇಳ್ತಾರೆ. ಹೇಳಿ ಹೇಳಿ ಗಂಟಲು ನೋವು ಬಂತು, ಅದಕ್ಕೆ ಒಂದೇ ಕಡೆ ಬರ್ದಿಟ್ಟಿದೀನಿ. ನಾನು ಲಾಯರ್ ಅಲ್ಲ ಮಾರಾಯ್ರೆ, ಆದ್ರೆ ಈ ಕೆಲಸದಲ್ಲಿ ಇದ್ದು ಇದ್ದು ಇಷ್ಟಂತೂ ಗೊತ್ತಾಗಿದೆ.

ಮನೆಗೆ ಹೆಸ್ರಿಡೋಕೆ ನಗರಸಭೆ ಪರ್ಮಿಷನ್ ತಗೋಬೇಕಾ?

ಬೇಡ. ನೀವು ವಾಸ ಮಾಡೋ ಮನೆಗೆ ಏನು ಹೆಸ್ರಿಡ್ತೀರ ಅನ್ನೋದು ನಿಮ್ಮ ಇಷ್ಟ. ಅರ್ಜಿ ಇಲ್ಲ, ಫೀಸ್ ಇಲ್ಲ, ಎನ್‌ಒಸಿ ಇಲ್ಲ. ನಮ್ಮ ನಗರಸಭೆ ನಡಿಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮೇಲೆ. ಅದರಲ್ಲಿ ರಸ್ತೆಗೆ ಹೆಸ್ರು ಇಡೋದು, ಮನೆಗೆ ನಂಬರ್ ಹಾಕೋದು ಸ್ಥಳೀಯ ಸಂಸ್ಥೆ ಕೆಲಸ. ಮನೆ ಹೆಸ್ರು ಮಾಲೀಕನದ್ದು. ಇಷ್ಟು ನೆನಪಿಟ್ಕೊಂಡ್ರೆ ಕೆಳಗಿನ ಅರ್ಧ ಪ್ರಶ್ನೆಗೆ ನೀವೇ ಉತ್ತರ ಹೇಳ್ಬಹುದು: ನಂಬರು ಅವರದ್ದು, ಹೆಸ್ರು ನಿಮ್ಮದು.

ಒಂದ್ ಸಲ ಒಬ್ರು ಯಾರೋ ಏಜೆಂಟ್‌ಗೆ "ಮನೆ ಹೆಸ್ರು ರಿಜಿಸ್ಟರ್ ಮಾಡ್ಸೋಕೆ" ಅಂತ ದುಡ್ಡು ಕೊಟ್ಟು ಬಂದಿದ್ರು. ಎಂಥದ್ದು ರಿಜಿಸ್ಟರ್? ಅಂಥ ರಿಜಿಸ್ಟರೇ ಇಲ್ಲ. ಯಾರಾದ್ರೂ ಹಂಗೆ ಕೇಳಿದ್ರೆ ರಸೀದಿ ಕೊಡಿ ಅನ್ನಿ, ಮಾತು ಅಲ್ಲಿಗೇ ನಿಲ್ಲುತ್ತೆ.

ಹಂಗಾದ್ರೆ ಇ-ಖಾತೆಲಿ ನಮ್ಮ ಮನೆ ಹೆಸ್ರು ಬರುತ್ತಾ?

ಖಾತೆಲಿ ಮುಖ್ಯ ಏನಂದ್ರೆ ಮಾಲೀಕರ ಹೆಸ್ರು, ಆಸ್ತಿ ಸಂಖ್ಯೆ, ಅಳತೆ, ಚೆಕ್ಕುಬಂದಿ. ನಗರಸಭೆ ಆಸ್ತಿಗಳ ಆನ್‌ಲೈನ್ ದಾಖಲೆ ಇ-ಆಸ್ತಿಲಿ ತೆಗೆಸೋ ನಮೂನೆ 3 ನೋಡಿ, ಅದರಲ್ಲಿ ಆಸ್ತಿನ ಗುರುತಿಸೋದು ನಂಬರಿಂದ, 'ಮಾತೃಶ್ರೀ ನಿಲಯ' ಅಂತ ಹೆಸ್ರಿಂದ ಅಲ್ಲ. ಕ್ರಯಪತ್ರದಲ್ಲೂ ಅಷ್ಟೇ. ಶೆಡ್ಯೂಲ್‌ನಲ್ಲಿ ಪೂರ್ವಕ್ಕೆ ಇಂಥೋರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ ಚೆಕ್ಕುಬಂದಿ ಬರೀತಾರಲ್ಲ, ನಾಳೆ ಏನಾದ್ರೂ ತಕರಾರು ಬಂದ್ರೆ ಕೋರ್ಟು ನೋಡೋದು ಅದನ್ನ. ಗೇಟಿನ ಮೇಲಿರೋ ಗ್ರಾನೈಟ್ ಕಲ್ಲು ಮಾಲೀಕತ್ವಕ್ಕೆ ಸಾಕ್ಷಿ ಅಲ್ಲ.

ಯಾಕೆ ಇದನ್ನ ಒತ್ತಿ ಹೇಳ್ತೀನಿ ಅಂದ್ರೆ, ನಮ್ಮಲ್ಲಿ ಎಷ್ಟೋ ಮನೆ ಬೋರ್ಡ್ ಮೊಮ್ಮಗನ ಹೆಸ್ರಲ್ಲಿರುತ್ತೆ, ಕಂದಾಯ ಇನ್ನೂ ತೀರ್ಕೊಂಡ ತಾತನ ಹೆಸ್ರಲ್ಲೇ ಕಟ್ತಿರ್ತಾರೆ. ಬೋರ್ಡಿಗೆ ಖರ್ಚು ಮಾಡೋ ಮುಂಚೆ ಪೌತಿ ಖಾತೆ, ಅಂದ್ರೆ ತೀರ್ಕೊಂಡೋರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಖಾತೆ ಮಾಡಿಸ್ಕೊಳಿ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ಕೊಂಡಂಗಾಯ್ತು, ಇರ್ಲಿ. ಹಂಗೇ ಇನ್ನೊಂದು, ಆಸ್ತಿ ತೆರಿಗೆ ಏಪ್ರಿಲ್ ತಿಂಗಳಲ್ಲಿ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯಿತಿ ಸಿಗುತ್ತೆ, ಮರೀಬೇಡಿ.

ಬೋರ್ಡ್ ಮೇಲೆ ಯಾವ ನಂಬರ್ ಹಾಕೋದು? ನಮ್ಮ ಹತ್ರ ನಾಲ್ಕೈದು ನಂಬರ್ ಇದೆ

ಎಲ್ಲರ ಹತ್ರನೂ ಇರುತ್ತೆ, ಮತ್ತೆ ಎಲ್ಲರೂ ತಪ್ಪು ನಂಬರನ್ನೇ ಹಾಕಿಸ್ತಾರೆ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಸೈಟ್ ನಂಬರ್ ಅಂದ್ರೆ ಲೇಔಟ್ ಮಾಡಿದಾಗ ನಕ್ಷೆಲಿ ಕೊಟ್ಟಿದ್ದು. ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟಾದ್ರೆ ಹಂಚಿಕೆ ಪತ್ರದಲ್ಲಿರುತ್ತೆ. ಹೌಸಿಂಗ್ ಬೋರ್ಡ್ ಕಡೆ, ಕಲ್ಯಾಣ ನಗರದ ಕಡೆ ಜನ ಇವತ್ತಿಗೂ ಅದನ್ನೇ ಮನೆ ನಂಬರ್ ತರ ಬಳಸ್ತಾರೆ. ಆಮೇಲೆ ನಗರಸಭೆ ಅಸೆಸ್‌ಮೆಂಟ್ ನಂಬರ್, ಅದರ ಮೇಲೆ ಈಗ ಆನ್‌ಲೈನ್ ಆದ್ಮೇಲೆ ಬಂದಿರೋ ಉದ್ದದ ಪಿಐಡಿ, ಅಂದ್ರೆ ಆಸ್ತಿ ಗುರುತಿನ ನಂಬರ್. ಇವು ಟ್ಯಾಕ್ಸ್ ಕಟ್ಟೋಕೆ, ಖಾತೆಗೆ. ಬೋರ್ಡಿಗೆ ಬೇಡ, ಅಷ್ಟುದ್ದ ಕೆತ್ತಿಸಿದ್ರೆ ರೇಷನ್ ಕಾರ್ಡ್ ತರ ಕಾಣ್ಸುತ್ತೆ. ಮೆಸ್ಕಾಂ ಬಿಲ್ಲಲ್ಲಿರೋ ಆರ್‌ಆರ್ ನಂಬರ್ ಕರೆಂಟಿಂದು, ಅದು ಮೀಟರ್ ಹತ್ರ ಇದ್ರೆ ಸಾಕು. ಹಾಕಬೇಕಾಗಿರೋದು ಡೋರ್ ನಂಬರ್, ಅದರ ಜೊತೆ ಕ್ರಾಸ್, ಬಡಾವಣೆ ಹೆಸ್ರು. ಡೋರ್ ನಂಬರ್ ಯಾವುದು ಅಂತಾನೇ ಗೊತ್ತಿಲ್ಲ ಅಂದ್ರೆ ಹಳೇ ಟ್ಯಾಕ್ಸ್ ರಸೀದಿ ತೆಗೆದು ನೋಡಿ, ಇಲ್ಲ ಅಂದ್ರೆ ನಗರಸಭೆ ಕಂದಾಯ ವಿಭಾಗದಲ್ಲಿ ನಿಮ್ಮ ವಾರ್ಡ್ ನೋಡ್ಕೊಳೋರನ್ನ ಕೇಳಿ.

ಪಕ್ಕದ ಮನೆ 14 ಅಂತ ಹಾಕಿದಾರೆ, ಹಂಗಾದ್ರೆ ನಮ್ದು 15 ಇರ್ಬೇಕು ಅಂತ ನೀವೇ ಲೆಕ್ಕ ಹಾಕ್ಕೊಂಡು ಬರಬೇಡಿ. ಹಂಗೆ ಬಂದ ಒಬ್ರಿಗೆ ನಾನು ಮಾಡಿಕೊಟ್ಟೂ ಬಿಟ್ಟೆ. ಮೂರು ತಿಂಗಳಾದ್ಮೇಲೆ ಅದೇ ಬೀದಿ ಆ ತುದಿಯೋರು ಬಂದ್ರು, ಅವರ ಕೈಲಿ ರಸೀದಿ, ಅದರಲ್ಲಿ 15. ಮೊದಲನೇ ಬೋರ್ಡು ತೆಗೆದು ಮತ್ತೆ ಮಾಡಬೇಕಾಯ್ತು, ಅರ್ಧ ದುಡ್ಡು ನನ್ನದೇ ಹೋಯ್ತು. ಅವತ್ತಿಂದ ರಸೀದಿ ನೋಡದೆ ನಂಬರ್ ಕಟ್ ಮಾಡಲ್ಲ.

ನಂಬರನ್ನ ಕನ್ನಡ ಅಂಕಿಲಿ ಹಾಕ್ಬಹುದಾ?

ಧಾರಾಳವಾಗಿ. ನನಗೂ ಇಷ್ಟ, ನೋಡೋಕೂ ಚೆನ್ನಾಗಿರುತ್ತೆ. ಆದ್ರೆ ಕನ್ನಡದ ೬ ಮತ್ತೆ ೯ ದೂರದಿಂದ ಒಂದೇ ತರ ಕಾಣುತ್ತೆ, ನಮ್ಮ ಹುಡುಗ್ರಿಗೇ ಗೊಂದಲ ಆಗುತ್ತೆ. ಕನ್ನಡ ಬರದಿರೋ ಡೆಲಿವರಿ ಹುಡುಗ ೪ ನೋಡಿದ್ರೆ ಅದನ್ನ 8 ಅಂತಾನೇ ಓದ್ತಾನೆ, ೧ ನೋಡಿ ಸೊನ್ನೆ ಅನ್ಕೋತಾನೆ. ಹಂಗಾಗಿ ಕನ್ನಡ ಅಂಕಿ ದೊಡ್ಡದಾಗಿ, ಅದರ ಕೆಳಗೆ ಮಾಮೂಲಿ ಅಂಕಿ ಚಿಕ್ಕದಾಗಿ. ಎರಡೂ ಇರ್ಲಿ.

ನಂಬರೇ ಬೇಡ, ಹೆಸ್ರು ಒಂದೇ ಹಾಕಿಸ್ತೀವಿ. ಆಗುತ್ತಾ? ನನ್ನ ಮಗಳಿರೋ ಇಂಗ್ಲೆಂಡಲ್ಲಿ ಮನೆಗೆ ಬರೀ ಹೆಸ್ರಿರುತ್ತಂತೆ

ಅಲ್ಲಿ ಕಥೆ ಬೇರೆ ಅಕ್ಕ. ಇಂಗ್ಲೆಂಡಲ್ಲಿ ಹಳ್ಳಿ ಕಡೆ ನಂಬರ್ ಇಲ್ಲದೆ ಬರೀ ಹೆಸ್ರಿರೋ ಮನೆ ಇದಾವೆ, ನಿಜ. ಆದ್ರೆ ಹಂಗಿರೋ ಹೆಸ್ರನ್ನ ಮನಸ್ಸಿಗೆ ಬಂದಂಗೆ ಇಡೋಕಾಗಲ್ಲ. ಅಲ್ಲಿನ ಲೋಕಲ್ ಕೌನ್ಸಿಲ್‌ಗೆ ಅರ್ಜಿ ಹಾಕ್ಬೇಕು, ಸುಮಾರು ಕೌನ್ಸಿಲ್‌ಗಳು ಫೀಸೂ ತಗೋತಾವೆ. ಅಕ್ಕಪಕ್ಕದಲ್ಲಿ ಅದೇ ಹೆಸ್ರೋ ಅದರಂಗೆ ಕೇಳ್ಸೋ ಹೆಸ್ರೋ ಇದ್ರೆ ಬೇಡ ಅಂತಾರೆ, ಯಾಕಂದ್ರೆ ಆಂಬುಲೆನ್ಸು, ಫೈರ್ ಇಂಜಿನ್ನು ತಪ್ಪು ಮನೆಗೆ ಹೋಗ್ಬಾರ್ದು. ಕೌನ್ಸಿಲ್ ಒಪ್ಪಿದ್ಮೇಲೆ ಅದು ರಾಯಲ್ ಮೇಲ್‌ನೋರ ವಿಳಾಸದ ಪಟ್ಟಿಗೆ ಸೇರುತ್ತೆ. ಮನೆಗೆ ಮುಂಚೆನೇ ನಂಬರ್ ಇದ್ರೆ ಹೆಸ್ರು ಅದರ ಜೊತೆಗೆ ಮಾತ್ರ ಸೇರ್ಸೋದು, ನಂಬರ್ ತೆಗೆಯೋಕೆ ಬಿಡಲ್ಲ. ನೀವು "ಅಲ್ಲಿ ಎಷ್ಟು ಫ್ರೀ" ಅಂತ ಹೇಳ್ತಿದ್ರಿ, ನಿಜ ನೋಡಿದ್ರೆ ಈ ವಿಷಯದಲ್ಲಿ ನಾವೇ ಫ್ರೀ.

ನಮ್ಮಲ್ಲಿ ಬರೀ ಹೆಸ್ರು ಹಾಕಿದ್ರೆ ಯಾರೂ ದಂಡ ಹಾಕಲ್ಲ, ಆದ್ರೆ ಹಂಗೆ ಮಾಡ್ಬೇಡಿ. ಇಂಗ್ಲೆಂಡಿನೋರು ತಲೆ ಕೆಡಿಸ್ಕೊಂಡಿರೋ ಕಾರಣ ಇಲ್ಲಿಗೂ ಅನ್ವಯ ಆಗುತ್ತೆ. ರಾತ್ರಿ 2 ಗಂಟೆಗೆ 108ಕ್ಕೆ ಫೋನ್ ಮಾಡಿ "ಅನುಗ್ರಹ ಅಂತ ಬೋರ್ಡಿದೆ ಬನ್ನಿ" ಅಂದ್ರೆ ಆ ಡ್ರೈವರ್ ಎಷ್ಟು ಅನುಗ್ರಹ ಹುಡುಕ್ಬೇಕು?

ನಮ್ಮ ಕ್ರಾಸಲ್ಲೇ ಇನ್ನೊಂದು 'ಗುರುಕೃಪ' ಇದೆ. ನಾವೂ ಅದೇ ಇಟ್ರೆ ಅವ್ರು ಕೇಸ್ ಹಾಕ್ಬಹುದಾ?

ಇಲ್ಲ. ವಾಸದ ಮನೆ ಹೆಸ್ರಿಗೆ ಯಾರಿಗೂ ಗುತ್ತಿಗೆ ಇಲ್ಲ. ನಿಮ್ಮ ಗುರು ಬೇರೆ ಅವರ ಗುರು ಬೇರೆ ಇರ್ಬಹುದು, ಒಬ್ರೇ ಇದ್ರೂ ತೊಂದ್ರೆ ಇಲ್ಲ. ತೊಂದ್ರೆ ಬರೋದು ಗ್ಯಾಸ್ ಸಿಲಿಂಡರ್ ಬಂದಾಗ. ನಾನೇ ಒಂದೇ ಬೀದಿಗೆ ಎರಡು 'ಆಶೀರ್ವಾದ' ಮಾಡಿಕೊಟ್ಟಿದೀನಿ. ಆ ಮನೆ ಮದುವೆ ಕಾಗದ ಈ ಮನೆಗೆ, ಈ ಮನೆ ಕೊರಿಯರ್ ಆ ಮನೆಗೆ. ಕೊನೆಗೆ ಒಬ್ರು ಬಂದು "ನಮ್ಮದರ ಮುಂದೆ 'ಶ್ರೀ ದೇವೀರಮ್ಮ' ಅಂತ ಸೇರ್ಸಿಕೊಡಿ" ಅಂದ್ರು. ಜಾಗ ಇರ್ಲಿಲ್ಲ, ಮೇಲೆ ಇನ್ನೊಂದು ಪಟ್ಟಿ ಕೂರಿಸ್ದೆ.

ನಮ್ಮೂರಲ್ಲಿ ದೇವರ ಹೆಸ್ರಿನ ಮನೆ ಅಂದ್ರೆ ಬಿಂಡಿಗ ದೇವೀರಮ್ಮ, ಹೊರನಾಡು ಅನ್ನಪೂರ್ಣೆ, ಶೃಂಗೇರಿ ಶಾರದೆ, ಧರ್ಮಸ್ಥಳ ಮಂಜುನಾಥ, ಹಿರೇಮಗಳೂರು ಕಡೆ ಕೋದಂಡರಾಮ. ಒಂದು ಬೀದಿಲಿ ಮೂರು ಶಾರದಾ ಇದ್ರೂ ಆಶ್ಚರ್ಯ ಇಲ್ಲ. ಅದಕ್ಕೆ ನಂಬರ್ ಹಾಕಿ ಅಂತ ಮೇಲಿಂದ ಬಡ್ಕೊಳ್ತಿರೋದು.

60 ಪರ್ಸೆಂಟ್ ಕನ್ನಡ ಇರ್ಬೇಕಂತಲ್ಲ, ಮನೆಗೂ ಅದು ಇದ್ಯಾ?

ಆ ರೂಲ್ ಇರೋದು ವ್ಯಾಪಾರ, ಉದ್ದಿಮೆಗಳಿಗೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಅಂತ ಇದೆ, 2024ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರ್ಬೇಕು, ಅದೂ ಬೋರ್ಡಿನ ಮೇಲ್ಭಾಗದಲ್ಲಿ ಇರ್ಬೇಕು ಅಂತ ಮಾಡಿದ್ರು. ಅಂಗಡಿ, ಹೋಟೆಲ್, ಆಸ್ಪತ್ರೆ, ಲ್ಯಾಬು, ಟ್ರಸ್ಟು ಇವೆಲ್ಲ ಅದರೊಳಗೆ ಬರುತ್ತೆ. ನೀವು ವಾಸ ಮಾಡೋ ಮನೆ ಬರಲ್ಲ.

ಆದ್ರೆ ಒಂದು ಮಾತು, ಇದು ಕಾನೂನಲ್ಲ ನನ್ನ ಅಭಿಪ್ರಾಯ. ಇಂಗ್ಲಿಷಲ್ಲಿ ಮಾತ್ರ 'ದಿ ನೆಸ್ಟ್' ಅಂತ ಹಾಕಿಸ್ಕೊಂಡು ಹೋಗ್ತಾರೆ, ಪೋಸ್ಟ್‌ಮ್ಯಾನ್ ಓದ್ತಾನೆ ಬಿಡಿ, ಹಾಲಿನೋನು, ಹೂವಿನ ಅಜ್ಜಿ, ಎಸ್ಟೇಟಿಂದ ಮೆಣಸು ತರೋ ಆಳು ಇವರಿಗೆಲ್ಲ ಅದು ಗೋಡೆ ಮೇಲಿರೋ ಡಿಸೈನ್ ಅಷ್ಟೇ. ಅವರು ನಿಮ್ಮ ಮನೆಗೆ ಅವರೇ ಒಂದು ಹೆಸ್ರು ಇಟ್ಕೋತಾರೆ. ಒಬ್ಬರ ಮನೆ ಬೋರ್ಡಲ್ಲಿ ಏನೋ ಫ್ರೆಂಚ್ ಹೆಸ್ರಿದೆ, ಇಡೀ ಬೀದಿ ಅದನ್ನ ಕರಿಯೋದು 'ನೀಲಿ ಗೇಟು' ಅಂತ.

ನಮ್ಮದು ಮನೆನೇ, ಆದ್ರೆ ಮೇಲಿನ ಎರಡು ರೂಮು ಹೋಮ್‌ಸ್ಟೇಗೆ ಕೊಡ್ತೀವಿ. ಆವಾಗ?

ಅಲ್ಲಿಗೆ ಅದು ವ್ಯಾಪಾರ ಆಯ್ತು ಸಾರ್. ಗಿರಿ, ಅಂದ್ರೆ ಬಾಬಾಬುಡನ್‌ಗಿರಿ ಬೆಟ್ಟ ನೋಡೋಕೆ ಬರೋರ ದೆಸೆಯಿಂದ ನಮ್ಮ ಕೈಮರ, ಅತ್ತಿಗುಂಡಿ, ಮಲ್ಲಂದೂರು ಕಡೆ ಮನೆಗಿಂತ ಹೋಮ್‌ಸ್ಟೇ ಬೋರ್ಡೇ ಜಾಸ್ತಿ, ಈ ಪ್ರಶ್ನೆ ವಾರಕ್ಕೊಂದು ಬರುತ್ತೆ. ಹೋಮ್‌ಸ್ಟೇನ ಪ್ರವಾಸೋದ್ಯಮ ಇಲಾಖೆಲಿ ನೋಂದಣಿ ಮಾಡಿಸ್ಬೇಕು. ಅಲ್ಲಿ ಯಾವ ಹೆಸ್ರು ಕೊಡ್ತೀರೋ ಬೋರ್ಡ್ ಮೇಲೆ, ಬಿಲ್ ಮೇಲೆ, ಬುಕಿಂಗ್ ಆ್ಯಪ್ ಮೇಲೆ ಅದೇ ಇರ್ಲಿ. ಅರ್ಜಿಲಿ 'ಕಾಫಿ ಮಲೆ', ಬೋರ್ಡಲ್ಲಿ 'ಮಿಸ್ಟಿ ಸಮ್‌ಥಿಂಗ್', ಆ್ಯಪಲ್ಲಿ ಇನ್ನೊಂದು ಆದ್ರೆ ಚೆಕಿಂಗ್‌ಗೆ ಬಂದೋರಿಗೂ ಗೊಂದಲ, ಗೆಸ್ಟ್‌ಗೂ ಗೊಂದಲ. 60 ಪರ್ಸೆಂಟ್ ಕನ್ನಡ ಲೆಕ್ಕನೂ ಇಟ್ಕೊಂಡೇ ಬೋರ್ಡ್ ಮಾಡಿಸಿ.

ಬೇರೆಯೋರ ಹೆಸ್ರಿನ ವಿಷಯಕ್ಕೆ ಇಲ್ಲಿ ಹುಷಾರಾಗಿರ್ಬೇಕು. ಮನೆಗೆ ಯಾವ ಹೆಸ್ರಿಟ್ರೂ ನಡಿಯುತ್ತೆ, ವ್ಯಾಪಾರಕ್ಕೆ ಇಟ್ರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಇದೆ. ದೊಡ್ಡ ರೆಸಾರ್ಟಿನ ಹೆಸ್ರಲ್ಲಿ ಒಂದಕ್ಷರ ಬದಲಾಯಿಸಿ ಬೋರ್ಡ್ ಮಾಡ್ಕೊಡಿ ಅಂತ ಬಂದಿದ್ರು, ನಾನು ಮಾಡ್ಲಿಲ್ಲ. ಮನೆ ಹೆಸ್ರಲ್ಲೇ ಕಾಫಿ ಪುಡಿ ಪ್ಯಾಕೆಟ್ ಮಾಡಿ ಮಾರ್ತೀವಿ ಅನ್ನೋರಿಗೂ ಇದೇ ಮಾತು. ಅದರಲ್ಲೂ 'ಚಿಕ್ಕಮಗಳೂರು ಅರೇಬಿಕಾ', 'ಬಾಬಾಬುಡನ್‌ಗಿರಿ ಅರೇಬಿಕಾ' ಇವೆರಡಕ್ಕೂ 2019ರಲ್ಲೇ ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿದೆ. ಬೇರೆ ಕಡೆ ಬೀಜ ತಂದು ಹುರಿದು ಪ್ಯಾಕೆಟ್ ಮೇಲೆ ಆ ಹೆಸ್ರು ಹಾಕಂಗಿಲ್ಲ.

ಗಾಂಧಿ, ಇಂದಿರಾ, ಶಿವಾಜಿ ಈ ಹೆಸ್ರೆಲ್ಲ ಇಡ್ಬಹುದಾ?

1950ರದ್ದು ಒಂದು ಕೇಂದ್ರದ ಕಾಯ್ದೆ ಇದೆ, ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯೋದಕ್ಕೆ. ಅದರ ಪಟ್ಟಿಲಿ ಮಹಾತ್ಮ ಗಾಂಧಿ, ನೆಹರು, ಇಂದಿರಾ ಗಾಂಧಿ, ಛತ್ರಪತಿ ಶಿವಾಜಿ ಹೆಸ್ರಿದೆ, ಪ್ರಧಾನಮಂತ್ರಿ ಅನ್ನೋದೂ ಇದೆ, ಸರ್ಕಾರದ್ದೇ ಅನ್ನೋ ಭಾವನೆ ಬರೋ ಹೆಸ್ರುಗಳೂ ಇದಾವೆ. ಇವನ್ನ ಸರ್ಕಾರದ ಅನುಮತಿ ಇಲ್ಲದೆ ವ್ಯಾಪಾರಕ್ಕೆ, ವೃತ್ತಿಗೆ, ಟ್ರೇಡ್‌ಮಾರ್ಕಿಗೆ ಬಳಸಂಗಿಲ್ಲ. ಅಂದ್ರೆ ಬಾಡಿಗೆ ಮಳಿಗೆ, ಲಾಡ್ಜು ಕಟ್ಟಿಸ್ತಿರೋರು ಯೋಚ್ನೆ ಮಾಡಿ.

ಅಮ್ಮನ ಹೆಸ್ರು ಇಂದಿರಾ ಇದೆ, ಮನೆಗೆ 'ಇಂದಿರಾ ನಿಲಯ' ಅಂತ ಇಡ್ತೀವಿ ಅಂದ್ರೆ ಅದಕ್ಕೇನು ಅಡ್ಡಿ? ನಮ್ಮೂರಲ್ಲಂತೂ 1978ರ ಉಪಚುನಾವಣೆಲಿ ಇಂದಿರಾ ಗಾಂಧಿ ಇಲ್ಲಿಂದ ಗೆದ್ದ ಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೆ ಆ ಹೆಸ್ರಿಟ್ಟೋರು ಸುಮಾರು ಜನ ಇದಾರೆ ಅಂತ ಅಪ್ಪ ಹೇಳ್ತಿದ್ರು. ಅವರ ಮನೆ ಬೋರ್ಡೆಲ್ಲ ಈಗ ನನ್ನ ಹತ್ರ ಬರ್ತಿದೆ.

ಬೋರ್ಡ್ ಮೇಲೆ ನಾಲ್ಕು ಸಿಂಹದ ರಾಷ್ಟ್ರ ಲಾಂಛನ ಹಾಕ್ಕೊಡಿ ಅಂತ ಕೇಳೋರಿಗೆ ಒಂದೇ ಉತ್ತರ: ಇಲ್ಲ. ಅದಕ್ಕೆ 2005ರ ಬೇರೆನೇ ಕಾಯ್ದೆ ಇದೆ. ರಿಟೈರ್ಡ್ ಆಫೀಸರ್ ಆದ್ರೂ ಇಲ್ಲ ಸಾರ್, ಬೇಜಾರ್ ಮಾಡ್ಕೋಬೇಡಿ.

ನಮ್ಮ ತಾತ ಈ ಏರಿಯಾಗೆ ತುಂಬಾ ಮಾಡಿದಾರೆ. ಕ್ರಾಸ್ ಬಾಯಲ್ಲಿ ಅವರ ಹೆಸ್ರಿನ ರಸ್ತೆ ಬೋರ್ಡ್ ಹಾಕಿಸ್ಬಹುದಾ?

ನಿಮ್ಮ ಗೇಟಿಗೆ ಹಾಕಿಸಿ, ನಾಳೆನೇ ಮಾಡ್ಕೊಡ್ತೀನಿ. ರಸ್ತೆಗೆ ಹಾಕ್ಬೇಕಂದ್ರೆ ಅದು ನಗರಸಭೆ ಅಧಿಕಾರ. ವಾರ್ಡ್ ಸದಸ್ಯರ ಮೂಲಕನೋ ನೇರವಾಗಿ ಪೌರಾಯುಕ್ತರಿಗೋ ಅರ್ಜಿ ಕೊಟ್ಟು, ಸಭೆಲಿ ಠರಾವು ಆಗಿ ಬರ್ಬೇಕು. ಹಂಗೆ ಮಾಡದೆ ರಾತ್ರೋರಾತ್ರಿ ಕಂಬ ನೆಟ್ರೆ ಕಿತ್ತು ಹಾಕ್ತಾರೆ, ಮತ್ತೆ ಎದುರು ಮನೆಯೋರ ತಾತನೂ ಏನಾದ್ರೂ ಮಾಡಿರ್ತಾರಲ್ಲ, ಅವ್ರು ಸುಮ್ನಿರ್ತಾರಾ?

ಇನ್ನೊಂದೇನಂದ್ರೆ ಕಷ್ಟಪಟ್ಟು ಹೆಸ್ರಿಡಿಸಿದ್ರೂ ನಮ್ಮೂರಿನ ಜನ ಅದನ್ನ ಎರಡಕ್ಷರ ಮಾಡಿಬಿಡ್ತಾರೆ. ಕಡೂರು ಮಂಗಳೂರು ರಸ್ತೆ ಕೆ.ಎಂ. ರೋಡ್ ಆಯ್ತು, ಇಂದಿರಾ ಗಾಂಧಿ ರಸ್ತೆ ಐ.ಜಿ. ರೋಡ್ ಆಯ್ತು. ಐ.ಜಿ. ಅಂದ್ರೆ ಪೊಲೀಸ್ ಐಜಿ ಅಂದ್ಕೊಂಡಿರೋ ಹುಡುಗ್ರನ್ನ ನಾನೇ ನೋಡಿದೀನಿ.

ಹಳೇ ಮನೆ ತಗೊಂಡ್ವಿ. ಅವರಿಟ್ಟಿದ್ದ ಹೆಸ್ರು ಬದಲಾಯಿಸ್ಬಹುದಾ?

ಮನೆ ನಿಮ್ದಾದ್ಮೇಲೆ ಹೆಸ್ರೂ ನಿಮ್ದು. ಕಾನೂನಿನ ಪ್ರಕಾರ ನೀವು ಮಾಡ್ಬೇಕಾಗಿರೋದು ಖಾತೆ ಬದಲಾವಣೆ, ಕರೆಂಟ್ ಮೀಟರ್, ನೀರಿನ ಕನೆಕ್ಷನ್ ಹೆಸ್ರು ಬದಲಾವಣೆ. ಬೋರ್ಡ್ ಬದಲಾಯಿಸೋಕೆ ಸ್ಕ್ರೂಡ್ರೈವರ್ ಸಾಕು.

ಆದ್ರೆ ಅವಸರ ಬೇಡ. ಮನೆ ಮಾರಿದ ಅಜ್ಜ ಒಬ್ರು ಬೋರ್ಡ್ ಬಿಚ್ಚಿಕೊಂಡು ಹೋಗೋಕೆ ಬಂದಿದ್ರು, ಹೆಂಡ್ತಿ ಹೆಸ್ರು ಅದರಲ್ಲಿತ್ತು. ಹೊಸಬ್ರು ಆಗ್ಲೇ ಅದನ್ನ ಗುಜರಿಗೆ ಹಾಕಿದ್ರು. ಗುಜರಿಯೋನ ಹತ್ರ ಹೋಗಿ ಹುಡುಕಿ ತಂದ್ವಿ, ಒಂದು ಅಕ್ಷರ ಕಿತ್ತು ಹೋಗಿತ್ತು, ನಾನೇ ಕಟ್ ಮಾಡಿ ಅಂಟಿಸಿಕೊಟ್ಟೆ. ಹಳೇ ಬೋರ್ಡ್ ಬಿಚ್ಚೋ ಮುಂಚೆ ಹಳೇ ಮಾಲೀಕರಿಗೆ ಒಂದು ಫೋನ್ ಮಾಡಿ.

ನಮ್ಮನೆ ಪಂಚಾಯ್ತಿ ವ್ಯಾಪ್ತಿಲಿ, ತೋಟದೊಳಗೆ ಇದೆ. ನಮಗೇನು ರೂಲ್ಸು?

ಪಂಚಾಯ್ತಿಲೂ ಹೆಸ್ರಿಗೆ ಪರ್ಮಿಷನ್ ಬೇಡ. ಅಲ್ಲಿ ದಾಖಲೆ ಇ-ಸ್ವತ್ತು, ನಮೂನೆ 9, ನಮೂನೆ 11ಎ ಇಲ್ಲ 11ಬಿ. ಅದರಲ್ಲೂ ಆಸ್ತಿ ಸಂಖ್ಯೆಯಿಂದಾನೇ ಗುರುತು.

ನಿಜ ಹೇಳ್ಬೇಕಂದ್ರೆ ಮನೆ ಹೆಸ್ರಿಗೆ ಬೆಲೆ ಇರೋದೇ ಅಲ್ಲಿ. ಪೇಟೆಲಿ ಹೆಸ್ರು ಶೋಕಿ, ಮಲೆನಾಡಲ್ಲಿ ಹೆಸ್ರೇ ವಿಳಾಸ. ಮೂಡಿಗೆರೆ, ಕೊಪ್ಪ, ಕಳಸದ ಕಡೆ ಒಂದು ಊರು ಅಂದ್ರೆ ಗುಡ್ಡಕ್ಕೊಂದು ಮನೆ. ಅಲ್ಲಿ ಬೀದಿ ಎಲ್ಲಿ, ಕ್ರಾಸ್ ಎಲ್ಲಿ? ಮೇಲಿನಮನೆ, ಕೆಳಗಿನಮನೆ, ದೊಡ್ಡಮನೆ, ಹೊಸಮನೆ ಅಂತಾನೇ ಕರಿಯೋದು, ಹೊಸಮನೆ ಕಟ್ಟಿ ನೂರು ವರ್ಷ ಆಗಿರುತ್ತೆ. ಇನ್ನು ಕೊಡಿಗೆ, ಮಕ್ಕಿ, ಹಡ್ಲು, ಬೈಲು, ಖಾನ್ ಇವೆಲ್ಲ ಜಾಗದ ಗುಣ ಹೇಳೋ ಹೆಸ್ರು. ಮಕ್ಕಿ ಅಂದ್ರೆ ಎತ್ತರದಲ್ಲಿರೋ, ಮಳೆ ನೀರು ನಂಬ್ಕೊಂಡಿರೋ ಗದ್ದೆ. ಅದು ಮನೆತನದ ಹೆಸ್ರಾಗಿ, ಜನರ ಹೆಸ್ರಿನ ಮುಂದೆ ಇನಿಶಿಯಲ್ ಆಗಿ ಕೂತಿರುತ್ತೆ. ಅಂಥ ಹೆಸ್ರು ನಿಮ್ಮ ಜಾಗಕ್ಕೆ ಈಗಾಗ್ಲೇ ಇದ್ರೆ ದಯವಿಟ್ಟು ಅದನ್ನ ಬಿಟ್ಟು 'ಗ್ರೀನ್ ವ್ಯಾಲಿ' ಮಾಡಿಸ್ಬೇಡಿ. ಊರಿನೋರು ಯಾರೂ ಆ ಹೆಸ್ರು ಹೇಳಿ ದಾರಿ ತೋರ್ಸಲ್ಲ. ಮೂಡಿಗೆರೆ ಹತ್ರ ತೇಜಸ್ವಿಯವರ ಮನೆ 'ನಿರುತ್ತರ' ಇದೆಯಲ್ಲ, ಅಂಥ ಹೆಸ್ರು ಹೊಳೆದ್ರೆ ಬೇರೆ ಮಾತು.

ಆಧಾರ್, ಪೋಸ್ಟು, ಕೊರಿಯರ್‌ಗೆ ಮನೆ ಹೆಸ್ರು ಕೊಡ್ಬಹುದಾ?

ಕೊಡಿ. ಆಧಾರ್ ವಿಳಾಸದಲ್ಲಿ ಮನೆ ನಂಬರ್ ಅಥವಾ ಕಟ್ಟಡದ ಹೆಸ್ರು ಅಂತ ಜಾಗ ಇರುತ್ತೆ, ಎರಡೂ ಸೇರ್ಸಿ ಬರೀಬಹುದು. ಆದ್ರೆ ನೀವು ಕೊಡೋ ದಾಖಲೆಲಿ ಏನಿದ್ಯೋ ಅದಕ್ಕೆ ಹೊಂದಬೇಕು. ಬೋರ್ಡ್ ಬದಲಾಯಿಸಿದ ಕೂಡ್ಲೆ ಎಲ್ಲಾ ಕಾರ್ಡೂ ಬದಲಾಯಿಸೋಕೆ ಓಡ್ಬೇಡಿ. ನಮ್ಮ ಊರಿನ ಹೆಸ್ರೇ ಇಂಗ್ಲಿಷಲ್ಲಿ 2014ರ ನವೆಂಬರ್ 1ರಂದು ಬದಲಾಯ್ತು, ಇವತ್ತಿಗೂ ಅರ್ಧ ಜನರ ಕಾರ್ಡಲ್ಲಿ ಹಳೇ 'ಚಿಕ್‌ಮಗಳೂರ್' ಸ್ಪೆಲ್ಲಿಂಗೇ ಇದೆ, ಕಾಗದ ಬರ್ತಾನೇ ಇದೆ. ಕಾಗದ ತರೋದು ಪಿನ್‌ಕೋಡು, 1972ರಿಂದ ಅದೇ ನಡೀತಿರೋದು. ಪೇಟೆ ಒಳಗೆ 577101, 577102 ಯಾವುದು ಅಂತ ಸರಿಯಾಗಿ ನೋಡ್ಕೊಂಡು ಬರೀರಿ.

ತೋಟದ ಮನೆಯೋರಿಗೆ ಒಂದು ಹೊಸ ಉಪಾಯ ಇದೆ. ಅಂಚೆ ಇಲಾಖೆಯೋರು 2025ರಲ್ಲಿ ಡಿಜಿಪಿನ್ ಅಂತ ತಂದಿದಾರೆ, ಇಡೀ ದೇಶನ ಸುಮಾರು 4 ಮೀಟರ್ ಚೌಕ ಚೌಕ ಮಾಡಿ ಒಂದೊಂದಕ್ಕೂ 10 ಅಕ್ಷರದ ಕೋಡ್ ಕೊಟ್ಟಿದಾರೆ. ನಿಮ್ಮ ಅಂಗಳದಲ್ಲಿ ನಿಂತು ಮೊಬೈಲಲ್ಲಿ ತೆಗೆದ್ರೆ ನಿಮ್ಮ ಅಂಗಳದ್ದೇ ಕೋಡ್ ಬರುತ್ತೆ. ಒಬ್ರು ಅದನ್ನೂ ಬೋರ್ಡ್ ಕೆಳಗೆ ಹಾಕಿಸ್ಕೊಂಡ್ರು. ಓದೋನು ಗೇಟಿನ ಮುಂದೆ ಬಂದು ನಿಂತ್ಮೇಲೆ ಆ ಕೋಡ್ ಯಾಕೆ ಬೇಕು ಅಂತ ಕೇಳೋಣ ಅನ್ಕೊಂಡೆ, ಗಿರಾಕಿ ಅಲ್ವಾ, ಸುಮ್ನಾದೆ.

ಕಾಂಪೌಂಡ್‌ನಿಂದ ಆಚೆ ಬರೋ ಹಂಗೆ ದೊಡ್ಡ ಬೋರ್ಡ್, ಕಮಾನು ಹಾಕ್ಬಹುದಾ?

ನಿಮ್ಮ ಗೋಡೆ, ನಿಮ್ಮ ಗೇಟು, ನಿಮ್ಮ ಜಾಗದೊಳಗೆ ಏನು ಬೇಕಾದ್ರೂ. ಫುಟ್‌ಪಾತ್ ಮೇಲೆ, ಚರಂಡಿ ಮೇಲೆ, ಕರೆಂಟ್ ಕಂಬಕ್ಕೆ ಹಾಕಂಗಿಲ್ಲ.

ಅಪಾರ್ಟ್‌ಮೆಂಟ್ ಹೆಸ್ರು?

500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಜಾಸ್ತಿ ಫ್ಲಾಟ್ ಇದ್ರೆ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಕು, ಅಲ್ಲಿ ಕೊಟ್ಟ ಪ್ರಾಜೆಕ್ಟ್ ಹೆಸ್ರೇ ಜಾಹೀರಾತಲ್ಲೂ ಇರ್ಬೇಕು. ಫ್ಲಾಟ್ ತಗೊಂಡೋರು ಒಬ್ರೇ ಬಿಲ್ಡಿಂಗ್ ಹೆಸ್ರು ಬದಲಾಯಿಸೋಕಾಗಲ್ಲ, ಅದು ಸಂಘದ ವಿಷಯ. ನಿಮ್ಮ ಬಾಗಿಲ ಮೇಲೆ ನಿಮಗಿಷ್ಟ ಬಂದಿದ್ದು ಹಾಕ್ಕೊಳಿ.

ಸಂಖ್ಯಾಶಾಸ್ತ್ರದೋರು ಹೆಸ್ರಲ್ಲಿ ಒಂದು 'ಎ' ಜಾಸ್ತಿ ಹಾಕಿ ಅಂದಿದಾರೆ

ಇಂಗ್ಲಿಷಲ್ಲಿ ಎಷ್ಟು ಬೇಕಾದ್ರೂ ಹಾಕ್ತೀನಿ, ಅಕ್ಷರಕ್ಕಿಷ್ಟು ಅಂತ ನನ್ನ ರೇಟು. ಕನ್ನಡದಲ್ಲಿ ಮಾತ್ರ ಸರಿಯಾಗಿ ಬರೆಸಿ.

ಸ್ಪೆಲ್ಲಿಂಗ್ ಸರಿ ಇದ್ಯಾ ಅಂತ ಯಾರು ನೋಡ್ಬೇಕು?

ನೀವೂ, ನಾನೂ. ಇದಕ್ಕೆ ಯಾವ ಇಲಾಖೆನೂ ಇಲ್ಲ, ಇದ್ದಿದ್ರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ಸುತ್ತೆ.

ಜಾಸ್ತಿ ತಪ್ಪಾಗೋದು ಎಲ್ಲಿ ಅಂದ್ರೆ, ಆಶೀರ್ವಾದದಲ್ಲಿ ಶೀ ದೀರ್ಘ ಬಿಟ್ಟು 'ಆಶಿರ್ವಾದ' ಅಂತ ಬರ್ಕೊಂಡು ಬರ್ತಾರೆ. 'ಮಾತೃ' ಅನ್ನೋದನ್ನ 'ಮಾತ್ರು' ಅಂತಾರೆ. 'ಕೃಪೆ'ನ 'ಕ್ರುಪೆ' ಅಂತಾರೆ. ಇನ್ನು 'ಗುರುಕೃಪ'ನೋ 'ಗುರುಕೃಪಾ'ನೋ ಅಂತ ಕೇಳಿದ್ರೆ, ಸಂಸ್ಕೃತದ ತರ ಬೇಕಂದ್ರೆ ದೀರ್ಘ, ಕನ್ನಡದ್ದು ಬೇಕಂದ್ರೆ 'ಗುರುಕೃಪೆ'. ಒಂದನ್ನ ಆರಿಸ್ಕೊಂಡು ಗೃಹಪ್ರವೇಶದ ಕಾಗದದಲ್ಲೂ ಅದೇ ಹಾಕ್ಸಿ.

ಇನ್ನೊಂದು ಅಂಗಡಿ ಒಳಗಿನ ಗುಟ್ಟು ಹೇಳ್ತೀನಿ. ನೀವು ವಾಟ್ಸಾಪಲ್ಲಿ ಕಳ್ಸೋದು ಯೂನಿಕೋಡ್ ಅಕ್ಷರ. ಕಟಿಂಗ್ ಮಾಡೋ ಹಳೇ ಸಾಫ್ಟ್‌ವೇರ್‌ಗಳಿಗೆ ಅದು ಸರಿಯಾಗಿ ಹೋಗಲ್ಲ, ನುಡಿ ಫಾಂಟಿಗೆ ಬದಲಾಯಿಸ್ತೀವಿ ಇಲ್ಲ ಮತ್ತೆ ಟೈಪ್ ಮಾಡ್ತೀವಿ. ಆ ಹೊತ್ತಲ್ಲೇ ಅರ್ಕಾವತ್ತು ಜಾಗ ಬಿಟ್ಟು ಕೂರೋದು, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಅಂಟೋದು. ಸ್ಟೀಲ್ ಅಕ್ಷರದಲ್ಲಿ ಒತ್ತು ಬೇರೆ ತುಂಡಾಗಿ ಬರುತ್ತೆ, ಅಂಟಿಸೋ ಹುಡುಗ ಆಚೀಚೆ ಮಾಡಿದ್ರೆ 'ಲಕ್ಷ್ಮಿ' ಹೋಗಿ ಇನ್ನೇನೋ ಆಗುತ್ತೆ. ಅದಕ್ಕೆ ಕಟಿಂಗ್‌ಗೆ ಮುಂಚೆ ಪೇಪರ್ ಮೇಲೆ ನಿಜವಾದ ಸೈಜಲ್ಲಿ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ರಸ್ತೆ ಆ ಕಡೆ ನಿಂತು ಓದಿ. ಓದೋಕೆ ಮನೆಯ ಅಜ್ಜಿನ ಕರೀರಿ, ಕನ್ನಡ ಮೇಷ್ಟ್ರು ಯಾರಾದ್ರೂ ಪಕ್ಕದಲ್ಲಿದ್ರೆ ಇನ್ನೂ ಒಳ್ಳೇದು.

ಯಾವ ಬೋರ್ಡ್ ಜಾಸ್ತಿ ದಿನ ಬಾಳಿಕೆ ಬರುತ್ತೆ?

ಮಳೆ ನೋಡ್ಕೊಂಡು ಮಾಡಿಸಿ. ಚಿಕ್ಕಮಗಳೂರು ಪೇಟೆಲಿ ಮಳೆ ಒಂದು ಲೆಕ್ಕ, ಗಿರಿಯ ಆ ಕಡೆ ಕೊಪ್ಪ ಶೃಂಗೇರಿ ಕಳಸದಲ್ಲಿ ಇನ್ನೊಂದು ಲೆಕ್ಕ. ಅಲ್ಲಿಗೆ ಮರದ ಬೋರ್ಡ್ ಬೇಕೇ ಬೇಕು ಅಂದ್ರೆ ಮಾಡಿನ ಕೆಳಗೆ ಹಾಕಿ, ಇಲ್ಲಾಂದ್ರೆ ಎರಡೇ ಮಳೆಗಾಲಕ್ಕೆ ಉಬ್ಬುತ್ತೆ. ಸ್ಟೀಲ್ ಆದ್ರೆ 304 ಗ್ರೇಡ್ ಕೇಳಿ, 202 ಕಮ್ಮಿಗೆ ಸಿಗುತ್ತೆ ಆದ್ರೆ ಕಲೆ ಬರುತ್ತೆ. ಗ್ರಾನೈಟಲ್ಲಿ ಕೆತ್ತಿಸಿದ್ರೆ ಕಲ್ಲಿಗೇನೂ ಆಗಲ್ಲ, ಅಕ್ಷರದ ಒಳಗೆ ಪಾಚಿ ಕೂರುತ್ತೆ, ವರ್ಷಕ್ಕೊಂದ್ಸಲ ದೀಪಾವಳಿಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಬಣ್ಣ ತುಂಬಿದ್ರೆ ಹೊಸದರಂಗೆ. ಎಲ್‌ಇಡಿ ಹಾಕಿಸ್ತೀವಿ ಅಂದ್ರೆ ಹಾಕ್ಸಿ, ಒಂದು ಅಕ್ಷರದ ಲೈಟ್ ಹೋದ ದಿನ ರಾತ್ರಿ ನಿಮ್ಮ ಮನೆ ಹೆಸ್ರು ಏನಾಗುತ್ತೆ ಅಂತ ಮುಂಚೆನೇ ಓದಿ ನೋಡ್ಕೊಳಿ.

ಎಷ್ಟು ದಿನ ಮುಂಚೆ ಹೇಳ್ಬೇಕು?

ಸ್ಟೀಲ್, ಆಕ್ರಿಲಿಕ್ಕಿಗೆ ಒಂದು ವಾರ. ಗ್ರಾನೈಟಿಗೆ ಹದಿನೈದು ದಿನ ಇಟ್ಕೊಳಿ. ಬರುವಾಗ ಟ್ಯಾಕ್ಸ್ ರಸೀದಿ ತನ್ನಿ, ಮನೆಯೋರೆಲ್ಲ ಒಪ್ಪಿರೋ ಒಂದೇ ಹೆಸ್ರು ಬರ್ಕೊಂಡು ಬನ್ನಿ. ಹೋಮದ ಹೊಗೆ ಶುರುವಾದ್ಮೇಲೆ ಫೋನ್ ಮಾಡಿ "ಅಣ್ಣ, ಅತ್ತೆ ಹೆಸ್ರೂ ಸೇರ್ಸಬೇಕಂತೆ" ಅಂದ್ರೆ ನನ್ನ ಕೈಲಿ ಆಗಲ್ಲ.